ರೋಲರ್‌ಗೆ ಕೈ ಹೋಗದ ಹಾಗೆ ಏನು ಮಾಡಿದ್ದೀರಿ? ಇಟ್ಟಿಗೆ ಫ್ಯಾಕ್ಟರಿಯವರು ಹೇಳಿ

ಮಾಲೂರು ಮಣ್ಣು

ಎಲ್ಲರಿಗೂ ನಮಸ್ಕಾರ. ಮಾಲೂರು ಕಡೆ ಒಂದು ವೈರ್‌ಕಟ್ ಇಟ್ಟಿಗೆ ಫ್ಯಾಕ್ಟರಿಯಲ್ಲಿ ಸೂಪರ್‌ವೈಸರ್ ನಾನು. ಫ್ಯಾಕ್ಟರಿ ಹೆಸರು ಬೇಡ. 38 ಜನ ಕೆಲಸಕ್ಕಿದ್ದಾರೆ. ಅರ್ಧದಷ್ಟು ಒಡಿಶಾದವರು, ಮಿಕ್ಕವರು ರಾಯಚೂರು, ಯಾದಗಿರಿ ಕಡೆಯವರು, ಜೊತೆಗೆ ಸುತ್ತಮುತ್ತಲ ಹಳ್ಳಿಯವರು.

ಹದಿನೈದು ದಿನದ ಹಿಂದೆ ಒಬ್ಬ ಹುಡುಗನ ಬಲಗೈಯ ಎರಡು ಬೆರಳು ರೋಲರ್‌ಗೆ ಸಿಕ್ಕಿ ಹೋದವು. ಗೊತ್ತಿಲ್ಲದವರಿಗೆ ಹೇಳುತ್ತೇನೆ, ಮಣ್ಣು ಮೊದಲು ಫೀಡರ್‌ಗೆ ಬೀಳುತ್ತದೆ, ಅಲ್ಲಿಂದ ಬೆಲ್ಟ್ ಮೇಲೆ ಬಂದು ಎರಡು ಕಬ್ಬಿಣದ ರೋಲರ್ ನಡುವೆ ಅರೆದು, ಪಗ್ ಮಿಲ್‌ನಲ್ಲಿ ನೀರಿನ ಜೊತೆ ಕಲಸಿ, ಆಮೇಲೆ ಉದ್ದ ದಿಂಡಿನ ಹಾಗೆ ಹೊರಗೆ ಬರುತ್ತದೆ, ತಂತಿ ಅದನ್ನು ಇಟ್ಟಿಗೆಯಾಗಿ ಕೊಯ್ಯುತ್ತದೆ. ಅವತ್ತು ರೋಲರ್ ಸಂದಿಗೆ ಕಲ್ಲು ಸಿಕ್ಕಿತ್ತು. ಇವನು ಮಷಿನ್ ನಿಲ್ಲಿಸದೆ ಸರಳಿನಿಂದ ತಿವಿದಿದ್ದಾನೆ. ಕಲ್ಲು ಜಾರಿತು, ಸರಳನ್ನು ರೋಲರ್ ಎಳೆದುಕೊಂಡಿತು, ಸರಳಿನ ಹಿಂದೆಯೇ ಕೈ. ಆ ಸರಳು ಕುಡುಗೋಲಿನ ಹಾಗೆ ಬಾಗಿದೆ. ಈಗಲೂ ನನ್ನ ಮೇಜಿನ ಕೆಳಗಿದೆ, ಎಸೆಯೋಕೆ ಮನಸ್ಸು ಬರ್ತಿಲ್ಲ.

ಓನರ್‌ಗೆ ಗಾಬರಿಯಾಗಿದೆ. ಸೇಫ್ಟಿಗೆ ಏನು ಬೇಕೋ ಪಟ್ಟಿ ಮಾಡಿ ಎಂದು 25 ಸಾವಿರ ಒಪ್ಪಿದ್ದಾರೆ. ನಾನು ಬರೆದದ್ದು ಇಷ್ಟು: ಎಲ್ಲರಿಗೂ ಹೆಲ್ಮೆಟ್, ಎಲ್ಲರಿಗೂ ಲೆದರ್ ಗ್ಲೌಸ್, ಮಾಸ್ಕ್, ನಾಲ್ಕು ದೊಡ್ಡ ಬೋರ್ಡು. ಇದು ಸರಿಯಾ? ಇರೋ ದುಡ್ಡು ಇಷ್ಟೇ, ಮತ್ತೆ ಕೇಳಿದರೆ ಸಿಗಲ್ಲ. ಇನ್ನೊಂದು ಮಾತು. ಮಷಿನ್ ನಿಲ್ಲಿಸಿ ಆಮೇಲೆ ಕೈ ಹಾಕಿ ಅಂತ ನೂರು ಸಲ ಹೇಳಿದ್ದೇನೆ. ತಲೆ ಆಡಿಸುತ್ತಾರೆ, ನಾನು ಆ ಕಡೆ ತಿರುಗಿದರೆ ಅದೇ ಕತೆ. ಇವರು ಮಾತು ಕೇಳೋ ಹಾಗೆ ಮಾಡೋದು ಹೇಗೆ?

ಹಳೇ ಫಿಟ್ಟರ್

ಮೊದಲು ಆ ಪಟ್ಟಿಯಿಂದ ಗ್ಲೌಸ್ ಹೊಡೆದುಹಾಕಿ. ತಿರುಗೋ ರೋಲರ್ ಹತ್ತಿರ ಗ್ಲೌಸ್ ಹಾಕಿದ ಕೈ ಬರಲೇಬಾರದು. ಬರಿಗೈಗೆ ತಾಗಿದರೆ ಒಂದೊಂದು ಸಲ ಕಿತ್ತುಕೊಳ್ಳಬಹುದು, ಲೆದರ್ ಸಿಕ್ಕಿಕೊಂಡರೆ ಅದು ಬಿಡಲ್ಲ, ಕೈಯನ್ನೂ ಸೇರಿಸಿ ಒಳಗೆ ಎಳೆಯುತ್ತದೆ. ಸುಟ್ಟ ಇಟ್ಟಿಗೆ ಎತ್ತಿ ಜೋಡಿಸುವವರಿಗೆ ಗ್ಲೌಸ್ ಬೇಕು, ಅವರಿಗೆ ಕೊಡಿ.

ನಾನು ಮಂಗಳೂರು ಕಡೆ ಹಂಚಿನ ಕಾರ್ಖಾನೆಗಳಲ್ಲಿ ಮೂವತ್ತು ವರ್ಷ ಮಷಿನ್ ರಿಪೇರಿ ಮಾಡಿದವನು. 1865ರಲ್ಲಿ ಬಾಸೆಲ್ ಮಿಷನ್‌ನವರು ಜೆಪ್ಪುವಿನಲ್ಲಿ ಹಂಚು ಶುರು ಮಾಡಿದರಲ್ಲ, ಅಲ್ಲಿಂದ ಇಲ್ಲಿಯವರೆಗೂ ಮಣ್ಣು ಕೊಡೋ ಕಾಟ ಒಂದೇ: ಅಂಟುತ್ತದೆ, ಮಧ್ಯೆ ಕಲ್ಲು ಬರುತ್ತದೆ. ಅಂಟಿದ್ದನ್ನು ಬಿಡಿಸೋಕೆ, ಕಲ್ಲು ತೆಗೆಯೋಕೆ ಕೈ ಒಳಗೆ ಹೋಗುತ್ತದೆ. ಹುಚ್ಚು ಹಿಡಿದು ಯಾರೂ ರೋಲರ್‌ಗೆ ಕೈ ಕೊಡಲ್ಲ. ಹಾಗಾಗಿ ಹುಡುಗರಿಗೆ ಬುದ್ಧಿ ಹೇಳೋದನ್ನು ಸ್ವಲ್ಪ ದಿನ ಬಿಡಿ. ಒಂದು ವಾರ ರೋಲರ್ ಪಕ್ಕ ಸುಮ್ನೆ ಸ್ಟೂಲ್ ಹಾಕ್ಕೊಂಡು ಕೂತು, ದಿನಕ್ಕೆ ಎಷ್ಟು ಸಲ ಕೈ ಹೋಯ್ತು, ಯಾತಕ್ಕೆ ಹೋಯ್ತು, ಅಷ್ಟೇ ಬರ್ಕೊಳ್ಳಿ.

ಇನ್ನೊಂದು ಕೇಳಬೇಕಿತ್ತು. ನಿಮ್ಮಲ್ಲಿ ಕೂಲಿ ದಿನಗೂಲಿಯಾ, ಇಲ್ಲಾ ಸಾವಿರ ಇಟ್ಟಿಗೆಗೆ ಇಷ್ಟು ಅಂತಲಾ?

ಮಾಲೂರು ಮಣ್ಣು

ಸಾವಿರಕ್ಕೆ ಇಷ್ಟು ಅಂತ ಸರ್. ಗ್ಯಾಂಗಿನಲ್ಲಿ ಹಂಚಿಕೊಳ್ಳುತ್ತಾರೆ.

ಹಳೇ ಫಿಟ್ಟರ್

ಹಾಗಾದರೆ ನಿಮ್ಮ ನೂರು ಸಲದ ಮಾತಿಗೆ ಉತ್ತರ ಅಲ್ಲೇ ಇದೆ. ರೋಲರ್ ನಿಲ್ಲಿಸಿದರೆ ಹಿಂದೆ ಬೆಲ್ಟ್ ಮೇಲಿನ ಮಣ್ಣು ತುಂಬಿ ಸುರಿಯುತ್ತದೆ, ಮುಂದೆ ದಿಂಡು ತುಂಡಾಗುತ್ತದೆ, ಅದು ಮತ್ತೆ ಹದಕ್ಕೆ ಬರೋದಕ್ಕೆ ಹತ್ತು ನಿಮಿಷ. ಅಷ್ಟು ಹೊತ್ತೂ ಗ್ಯಾಂಗಿನವರ ಕೂಲಿ ನಿಂತ ಹಾಗೆ, ಎಲ್ಲರೂ ಆ ಒಬ್ಬ ಹುಡುಗನ ಮುಖ ನೋಡುತ್ತಾರೆ. ಅವನು ನಿಲ್ಲಿಸುತ್ತಾನಾ? ನಾನಾದರೂ ನಿಲ್ಲಿಸಲ್ಲ. ಕಲ್ಲು ತೆಗೆಯೋಕೆ ನಿಂತ ಹೊತ್ತಿಗೆ ಕೂಲಿ ಕಟ್ ಆಗಬಾರದು, ಓನರ್ ಹತ್ತಿರ ಇದನ್ನು ಮೊದಲು ಮಾತಾಡಿ. 25 ಸಾವಿರದಲ್ಲಿ ಒಂದು ರೂಪಾಯಿಯೂ ಇದಕ್ಕೆ ಹೋಗಲ್ಲ.

ಆಮೇಲೆ ಮಷಿನ್. ಫೀಡರ್ ಬಾಯಿಗೆ ದಪ್ಪ ಸರಳಿನ ಜಾಲರಿ ಬೆಸುಗೆ ಹಾಕಿಸಿ, ದೊಡ್ಡ ಕಲ್ಲು ಅಲ್ಲೇ ನಿಲ್ಲಲಿ. ಅಲ್ಲಿ ಕಲ್ಲು ಹೆಕ್ಕೋಕೆ ಒಬ್ಬರನ್ನು ಇಟ್ಟರೂ ನಷ್ಟ ಇಲ್ಲ, ರೋಲರ್ ಸವೆತ ಕಮ್ಮಿಯಾಗುತ್ತದೆ. ರೋಲರ್ ಮೇಲಿನ ಹಾಪರ್, ಅಂದರೆ ಮಣ್ಣು ಬೀಳೋ ದೊಡ್ಡ ಬಾಯಿ, ಎತ್ತರಿಸಿ. ತೋಳು ಪೂರ್ತಿ ತೂರುವಷ್ಟು ಸಂದು ಇದ್ದ ಕಡೆ, ಆ ಸಂದಿನಿಂದ ತಿರುಗುವ ಭಾಗಕ್ಕೆ ಕನಿಷ್ಠ 850 ಮಿಲಿಮೀಟರ್ ದೂರ ಇರಬೇಕು ಅನ್ನೋದು ಲೆಕ್ಕ. ಭುಜದಿಂದ ಬೆರಳ ತುದಿಯವರೆಗೆ ಟೇಪ್ ಹಿಡಿದು ನೋಡಿ, ಯಾಕೆ ಅಂತ ಗೊತ್ತಾಗುತ್ತದೆ. ರೋಲರ್ ನಿಂತ ಕೂಡಲೇ ಫೀಡರ್ ಮತ್ತು ಬೆಲ್ಟ್ ತಾವೇ ನಿಲ್ಲುವ ಹಾಗೆ ವೈರಿಂಗ್ ಮಾಡಿಸಿ, ನಿಮ್ಮ ಎಲೆಕ್ಟ್ರಿಷಿಯನ್‌ಗೆ ಒಂದು ಮಧ್ಯಾಹ್ನದ ಕೆಲಸ. ಮಣ್ಣು ತುಂಬಿ ಸುರಿಯಲ್ಲ ಅಂದರೆ ನಿಲ್ಲಿಸೋಕೂ ಹಿಂಜರಿಕೆ ಇರಲ್ಲ.

ಕೊನೆಗೆ ಸ್ಟಾರ್ಟರ್ ನೋಡಿ. ಕರೆಂಟ್ ಹೋದಾಗ ಸ್ಟಾರ್ಟರ್ ತಾನೇ ಆಫ್ ಆಗಬೇಕು, ಮತ್ತೆ ಕರೆಂಟ್ ಬಂದರೆ ಯಾರಾದರೂ ಹಸಿರು ಬಟನ್ ಒತ್ತಿದರಷ್ಟೇ ಮಷಿನ್ ಓಡಬೇಕು. ಹಳ್ಳಿ ಕಡೆ ಬೋರ್‌ವೆಲ್‌ಗೆ ಆಟೋ ಸ್ಟಾರ್ಟರ್ ಹಾಕ್ತಾರಲ್ಲ, ಅದೇ ರೂಢಿಯಲ್ಲಿ ಹಸಿರು ಬಟನ್‌ಗೆ ಬೆಂಕಿಕಡ್ಡಿ ಸಿಕ್ಕಿಸಿ ಇಟ್ಟಿದ್ದನ್ನು ನಾನೇ ಕಣ್ಣಾರೆ ಕಂಡಿದ್ದೇನೆ. ಕರೆಂಟ್ ಹೋಯ್ತು, ಮಷಿನ್ ನಿಂತಿದೆ ಅಂತ ಪಾಪದವನು ಕೈ ಹಾಕಿರುತ್ತಾನೆ, ಅಷ್ಟರಲ್ಲಿ ಕರೆಂಟ್ ಬರುತ್ತದೆ. ಮೇನ್ ಸ್ವಿಚ್‌ಗೆ ಬೀಗ ಹಾಕೋ ಕಿವಿ ಇರುತ್ತದೆ. ಕೈ ಹಾಕುವವನೇ ಬೀಗ ಹಾಕಿ ಕೀ ತನ್ನ ಜೇಬಿಗೆ ಇಟ್ಟುಕೊಳ್ಳಬೇಕು. ಮೇಸ್ತ್ರಿ ಜೇಬಿಗಲ್ಲ.

ಗೂಡು ಗುತ್ತಿಗೆ

ನಮ್ಮದೂ ಇದೇ ವ್ಯವಹಾರ. ಹೇಳೋಕೆ ಚೆನ್ನಾಗಿದೆ ಫಿಟ್ಟರ್ ಸಾಹೇಬ್ರೇ, ನಾನೂ ಹೋದ ವರ್ಷ 18 ಸಾವಿರ ಕೊಟ್ಟು ಬೆಲ್ಟ್‌ಗೂ ಪುಲ್ಲಿಗೂ ಗಾರ್ಡ್ ಮಾಡಿಸಿದೆ. ನಾಲ್ಕೇ ದಿನ. ಬಿಚ್ಚಿ ಗೋಡೆಗೆ ಒರಗಿಸಿಟ್ಟರು. ಈಗ ಅದರ ಮೇಲೆ ಟವಲ್ ಒಣಗಿಸ್ತಾರೆ. ಜನಕ್ಕೇ ಬೇಡ ಅಂದ್ರೆ ನಾವೇನು ಮಾಡೋಣ? ಎಲ್ಲದಕ್ಕೂ ಓನರ್ ತಲೆ ಮೇಲೆ ಹಾಕಿದರೆ ಹೇಗೆ?

ಹಳೇ ಫಿಟ್ಟರ್

ಬಿಚ್ಚಿದವರನ್ನು ಯಾಕೆ ಅಂತ ಕೇಳಿದ್ರಾ? ನಾನು ಊಹೆ ಮಾಡ್ತೀನಿ, ಗ್ರೀಸ್ ಹಾಕೋ ನಿಪ್ಪಲ್ ಗಾರ್ಡ್ ಒಳಗಡೆ ಇದೆ. ದಿನಾ ಗ್ರೀಸ್ ಹೊಡೀಬೇಕು, ಗಾರ್ಡ್‌ಗೆ ಎಂಟು ಬೋಲ್ಟು.

ಗೂಡು ಗುತ್ತಿಗೆ

ಹತ್ತು ಬೋಲ್ಟು. ಉಳಿದದ್ದು ನೀವು ಹೇಳಿದ್ದೇ.

ಹಳೇ ಫಿಟ್ಟರ್

ತಾಮ್ರದ ಸಣ್ಣ ಪೈಪ್ ಎಳೆದು ನಿಪ್ಪಲ್ ಗಾರ್ಡ್‌ನಿಂದ ಹೊರಗೆ ತನ್ನಿ. ಲೋಹದ ತಗಡು ಬೇಡ, ಜಾಲರಿ ಹಾಕಿ, ಬೆಲ್ಟ್ ಸಡಿಲ ಆಗಿದೆಯಾ ಅಂತ ಹೊರಗಿನಿಂದಲೇ ಕಾಣಲಿ. ಒಂದು ಕಡೆ ಕೀಲು, ಇನ್ನೊಂದು ಕಡೆ ಒಂದೇ ಬೋಲ್ಟು, ಅದಕ್ಕೂ ಸ್ಪ್ಯಾನರ್ ಬೇಕಾಗಬೇಕು. ಆಮೇಲೂ ಟವಲ್ ಒಣಗಿಸಿದರೆ ನನಗೆ ಬೈಯ್ಯಿರಿ. ಮತ್ತೆ, ತಲೆ ಮೇಲೆ ಹಾಕೋ ವಿಷಯ ನಂದಲ್ಲ ಮಾರಾಯ್ರೇ. 1948ರ ಕಾರ್ಖಾನೆ ಕಾಯ್ದೆಯ 21ನೇ ಕಲಮಿನಲ್ಲೇ ತಿರುಗುವ ಭಾಗಕ್ಕೆ ಬೇಲಿ ಹಾಕಬೇಕು ಅಂತ ಇತ್ತು. ಅದರ ಜಾಗಕ್ಕೆ ಬಂದ 2020ರ ಕೆಲಸದ ಸುರಕ್ಷತೆಯ ಸಂಹಿತೆ 2025ರ ನವೆಂಬರ್ 21ರಿಂದ ಜಾರಿಯಲ್ಲಿದೆ, ಅದರಲ್ಲೂ ಹೊಣೆ ಮಾಲೀಕರದ್ದೇ.

ಪೀಣ್ಯ ಗಾಜು

ಇಟ್ಟಿಗೆ ಗೊತ್ತಿಲ್ಲ, ನಾನು ಗಾಜಿನವನು. ಕಟಿಂಗ್, ಟಫನಿಂಗ್ (ಗಾಜು ಕಾಯಿಸಿ ಗಟ್ಟಿ ಮಾಡೋದು) ಮಾಡುವ ಕಡೆ ಹನ್ನೊಂದು ವರ್ಷ. ಗ್ಲೌಸ್ ಬೇಡ ಅನ್ನೋದನ್ನು ಓದಿ ಒಂದು ನಿಮಿಷ ಗಾಬರಿಯಾಯ್ತು, ನಮ್ಮಲ್ಲಿ ಅದು ಇಲ್ಲದೆ ಶೀಟ್ ಮುಟ್ಟೋಕೇ ಬಿಡಲ್ಲ. ಬಟ್ಟೆ ಗ್ಲೌಸ್ ಅಲ್ಲ, ಕೊಯ್ತ ತಡೆಯೋ ಗ್ಲೌಸ್, ಜೊತೆಗೆ ಮುಂಗೈಗೆ ಮೊಣಕೈವರೆಗೆ ತೋಳುಕವಚ. ಮಣಿಕಟ್ಟಿನ ನರ ಕೊಯ್ದುಕೊಂಡರೆ ಹೊಲಿಗೆ ಹಾಕಿದ ಮೇಲೂ ಹಿಡಿತ ಸರಿಯಾಗಿ ಬರಲ್ಲ.

ಆದರೆ ಫಿಟ್ಟರ್ ಹೇಳಿದ್ದು ನಮ್ಮಲ್ಲೂ ನಿಜವೇ. ನಮ್ಮಲ್ಲಿ ದೊಡ್ಡ ಏಟು ಆಗೋದು ಗಾಜಿನ ಅಂಚಿನಿಂದಲ್ಲ, ಭಾರದಿಂದ. ಗಾಜು ಕಣ್ಣಿಗೆ ಹಗುರ. ಲೆಕ್ಕ ಹಾಕಿ, ಒಂದು ಚದರ ಮೀಟರ್‌ಗೆ, ಒಂದು ಮಿಲಿಮೀಟರ್ ದಪ್ಪಕ್ಕೆ ಎರಡೂವರೆ ಕೆಜಿ. ಎಂಟು ನಾಲ್ಕಡಿಯ 5 ಎಂಎಂ ಶೀಟು ಒಂದು 37 ಕೆಜಿ, ಅದೇ 12 ಎಂಎಂ ಆದರೆ 89 ಕೆಜಿ. 12 ಎಂಎಂನ ಹತ್ತು ಶೀಟು ಒಟ್ಟಿಗೆ ಒರಗಿಸಿಟ್ಟಿದ್ದಾರೆ, ಹಿಂದಿನದು ಯಾವ ಅಳತೆ ಅಂತ ನೋಡೋಕೆ ಒಬ್ಬ ಮುಂದಿನವನ್ನು ತನ್ನ ಎದೆಗೆ ಒರಗಿಸಿಕೊಳ್ಳುತ್ತಾನೆ. ನೆಟ್ಟಗೆ ಇರುವವರೆಗೆ ಭಾರವೇ ಇಲ್ಲ ಅನ್ನಿಸುತ್ತದೆ. ಸ್ವಲ್ಪ ಜಾಸ್ತಿ ವಾಲಿತೋ, ಮುಗೀತು, 890 ಕೆಜಿ ಎದೆ ಮೇಲೆ. ನಾವು ಈಗ ಪ್ರತಿ ಕಟ್ಟಿನ ಅಂಚಿಗೂ ಅಳತೆಯ ಚೀಟಿ ಅಂಟಿಸುತ್ತೇವೆ, ಹಿಂದೆ ಏನಿದೆ ಅಂತ ಬಗ್ಗಿಸಿ ನೋಡುವ ಪ್ರಶ್ನೆಯೇ ಬರಲ್ಲ. ಒಂದು ಚೀಟಿಗೆ ಎಷ್ಟು ಪೈಸೆ ಅಲ್ವಾ.

ಇನ್ನೊಂದು, ಹೊಸಬರಿಗೆ ಮೊದಲ ದಿನವೇ ಒಡೆದ ಶೀಟು ಕೊಟ್ಟು ಬೀಳಿಸಿ ಅಭ್ಯಾಸ ಮಾಡಿಸ್ತೇವೆ. ಜಾರಿದರೆ ಕೈ ಬಿಟ್ಟು ಹಿಂದೆ ಸರಿ, ಹಿಡಿಯೋಕೆ ಹೋಗಬೇಡ. ಕೇಳೋಕೆ ತಮಾಷೆ. ಬೀಳೋ ವಸ್ತು ಹಿಡಿಯೋದು ಮನುಷ್ಯನ ಸ್ವಭಾವ, ಅದನ್ನು ಬಿಡಿಸೋಕೆ ಐದಾರು ಸಲ ಬೀಳಿಸಲೇಬೇಕು. ಒಡೆದ ಗಾಜಿನ ದುಡ್ಡು ಕೂಲಿಯಲ್ಲಿ ಹಿಡಿಯೋ ಪದ್ಧತಿ ಇರುವ ಕಡೆ ಇದು ಯಾವತ್ತೂ ಆಗಲ್ಲ, ಅಲ್ಲಿ ಎಲ್ಲರೂ ಹಿಡಿಯೋಕೇ ಹೋಗ್ತಾರೆ.

ಅವ್ವನ ಮಗಳು

ನಮ್ಮ ಅಪ್ಪ ಅವ್ವ ಲಿಂಗಸುಗೂರು ಕಡೆಯಿಂದ ವರ್ಷಾ ಇಟ್ಟಿಗೆ ಗೂಡಿಗೆ ದುಡಿಯಾಕ ಹೋಗ್ತಿದ್ರು. ಎಂಟನೇ ವಯಸ್ಸಿನವರೆಗೆ ನಾನೂ ಗೂಡಿನ ಪಕ್ಕದ ಗುಡಿಸಲಲ್ಲೇ ಬೆಳೆದವಳು. ಇಲ್ಲಿ ಎಲ್ಲರೂ ಮಷಿನ್ ಬಗ್ಗೆ ಮಾತಾಡ್ತಿದ್ದೀರಿ, ಹೆಣ್ಣುಮಕ್ಕಳ ಕೆಲಸ ಯಾರ ಪಟ್ಟಿಯಲ್ಲೂ ಇಲ್ಲ.

ಒಂದು ಇಟ್ಟಿಗೆ ಮೂರು ಕೆಜಿ ಅಂತ ಹಿಡಿಯಿರಿ. ನಮ್ಮವ್ವ ತಲೆ ಮೇಲೆ ಸಿಂಬೆ ಇಟ್ಟು ಹನ್ನೆರಡು ಹೊರ್ತಿದ್ದಳು. 36 ಕೆಜಿ ಆಯ್ತು. ಅದೂ ದಿನಕ್ಕೆ ಒಂದು ಸಲ ಅಲ್ಲ. ಈಗ ಐವತ್ತೆರಡಕ್ಕೆ ಕುತ್ತಿಗೆ ತಿರುಗಿಸಬೇಕಂದ್ರೆ ಮೈಯೆಲ್ಲಾ ತಿರುಗಿಸ್ತಾಳೆ. ಇದನ್ನು ಅಪಘಾತ ಅಂತ ಯಾವ ರಿಜಿಸ್ಟರ್‌ನಲ್ಲೂ ಬರೆಯಲ್ಲ. ಹೆಲ್ಮೆಟ್ ದುಡ್ಡಲ್ಲಿ ಎರಡು ತಳ್ಳುಗಾಡಿ ತನ್ನಿ, ಗಾಡಿ ಓಡೋ ಹಾಗೆ ದಾರಿಗೆ ಚೂರು ಇಟ್ಟಿಗೆ ಹಾಸಿ ಸಮ ಮಾಡಿಸಿ. ಸೀರೆ ಉಟ್ಟವರು ಬೆಲ್ಟ್ ಹತ್ತಿರ ಕೆಲಸ ಮಾಡ್ತಿದ್ರೆ ಮೇಲೊಂದು ಗುಂಡಿ ಹಾಕೋ ಅಂಗಿ ಕೊಡಿ, ಸೆರಗು ಒಳಗಿರುತ್ತೆ. ಗಂಡಸರು ಕೊರಳಿಗೆ ಸುತ್ತೋ ಟವಲ್ಲಿಗೂ ಇದೇ ಮಾತು.

ಚಳಿಗಾಲದಲ್ಲಿ ಗೂಡಿನ ಮೇಲೆ ಮಲಗೋಕೆ ಮಾತ್ರ ಯಾರನ್ನೂ ಬಿಡಬೇಡಿ, ಕೈ ಹಿಡಿದು ಎಬ್ಬಿಸಿ. ಬೆಚ್ಚಗಿರುತ್ತೆ ಅಂತ ಎಲ್ಲರೂ ಅಲ್ಲೇ ಮಲಗ್ತಿದ್ದೆವು, ನಾನೂ ಮಲಗಿದ್ದೇನೆ. 2023ರ ಮಾರ್ಚ್‌ನಲ್ಲಿ ಛತ್ತೀಸಗಢದ ಮಹಾಸಮುಂದ್ ಜಿಲ್ಲೆಯಲ್ಲಿ ಹಾಗೆ ಮಲಗಿದ ಐದು ಜನ ಬೆಳಿಗ್ಗೆ ಏಳಲೇ ಇಲ್ಲ. ಆ ಹೊಗೆಯೊಳಗಿನ ಕಾರ್ಬನ್ ಮೋನಾಕ್ಸೈಡ್‌ಗೆ ವಾಸನೆ ಇಲ್ಲ, ಬಣ್ಣ ಇಲ್ಲ, ನಿದ್ದೆಯಲ್ಲಿ ಇದ್ದವರಿಗೆ ಗೊತ್ತೇ ಆಗಲ್ಲ. ಬರೀ ಮಲಗಬೇಡಿ ಅಂದ್ರೆ ಹೋಗಲ್ಲ ಅಣ್ಣ. ಗುಡಿಸಲಿಗೆ ಗಾಳಿ ತಡೆಯೋ ತಟ್ಟಿ ಕಟ್ಟಿಸಿ, ಎರಡೆರಡು ಕಂಬಳಿ ಕೊಡಿ, ಆಮೇಲೆ ಹೇಳಿ.

ರಾತ್ರಿ ಪಾಳಿ ನರ್ಸ್

ಮಾಲೂರು ಅವರೇ, ಆ ಹುಡುಗನ ತುಂಡಾದ ಬೆರಳು ಆಸ್ಪತ್ರೆಗೆ ಬಂತಾ? ಕೇಳೋಕೆ ಕಾರಣ ಇದೆ. ಬಹಳ ಜನ ಅದನ್ನು ನೇರ ಐಸಿನಲ್ಲಿ ಹಾಕಿ ತರ್ತಾರೆ, ಐಸ್ ತಾಗಿದ ಚರ್ಮ ಮಾಂಸ ಸತ್ತುಹೋಗುತ್ತದೆ. ಚೊಕ್ಕ ಬಟ್ಟೆ ಒದ್ದೆ ಮಾಡಿ ಹಿಂಡಿ ಅದರಲ್ಲಿ ಸುತ್ತಿ, ಪ್ಲಾಸ್ಟಿಕ್ ಕವರಿಗೆ ಹಾಕಿ ಬಿಗಿಯಾಗಿ ಕಟ್ಟಿ, ಆ ಕವರನ್ನು ಐಸ್ ಹಾಕಿದ ನೀರಲ್ಲಿ ಇಟ್ಟು ತನ್ನಿ. ಗಾಯಕ್ಕೆ ಬಟ್ಟೆ ಒತ್ತಿ ಹಿಡಿದು ಕೈ ಮೇಲೆತ್ತಿ. ಗಾಜಿನ ಚೂರು ಒಳಗೆ ನಾಟಿಕೊಂಡಿದ್ದರೆ ಕೀಳಬೇಡಿ, ಅಕ್ಕಪಕ್ಕ ಒತ್ತಿ.

ಸುಟ್ಟ ಗಾಯಕ್ಕೆ ನಲ್ಲಿ ನೀರು, 20 ನಿಮಿಷ. ಟೂತ್‌ಪೇಸ್ಟ್ ಬೇಡ, ಅರಿಶಿನ ಬೇಡ, ಇಂಕು ಬೇಡ. ಇಂಕು ಹಚ್ಚಿಕೊಂಡು ಇವತ್ತಿಗೂ ಬರ್ತಾರೆ, ಒಳಗೆ ಎಷ್ಟು ಸುಟ್ಟಿದೆ ಅಂತ ನಮಗೆ ಕಾಣೋದೇ ಇಲ್ಲ.

ಧೂಳಿನ ಬಗ್ಗೆ ಒಂದು ಮಾತು. ಮಣ್ಣಿನಲ್ಲೂ ಗಾಜಿನ ಮರಳಿನಲ್ಲೂ ಸಿಲಿಕಾ ಇದೆ. ಕಣ್ಣಿಗೆ ಕಾಣೋ ಧೂಳು ಮೂಗಲ್ಲೇ ನಿಲ್ಲುತ್ತದೆ, ಕಾಣದಷ್ಟು ಸಣ್ಣದು ಶ್ವಾಸಕೋಶದ ತಳಕ್ಕೆ ಹೋಗಿ ಅಲ್ಲೇ ಗಾಯ ಮಾಡಿ ಗಟ್ಟಿ ಮಾಡುತ್ತದೆ. ಇದೇ ಸಿಲಿಕೋಸಿಸ್ ಕಾಯಿಲೆ, ಒಮ್ಮೆ ಬಂದರೆ ವಾಸಿ ಮಾಡೋ ಔಷಧಿ ಇಲ್ಲ. ಟಿಬಿ ಅಂತ ತಪ್ಪು ತಿಳಿದು ವರ್ಷಗಟ್ಟಲೆ ಮಾತ್ರೆ ನುಂಗಿದವರು ಇದ್ದಾರೆ, ಸಿಲಿಕೋಸಿಸ್ ಇದ್ದವರಿಗೆ ಟಿಬಿ ಬರೋದೂ ಜಾಸ್ತಿ, ಅದು ಬೇರೆ ಗೋಳು. ಟವಲ್ ಕಟ್ಟಿಕೊಂಡರೆ ಆ ಸಣ್ಣ ಧೂಳನ್ನು ತಡೆಯಲ್ಲ. ಒಣ ಕಸಬರಿಕೆಯಿಂದ ಗುಡಿಸೋದನ್ನು ನಿಲ್ಲಿಸಿ, ನೀರು ಚಿಮುಕಿಸಿ ಗುಡಿಸಿ. ಒಣ ಮಣ್ಣು ಸುರಿಯೋ ಜಾಗದಲ್ಲಿ ಎನ್95 ಮಾಸ್ಕ್, ಮುಖಕ್ಕೆ ಅಂಟಿ ಕೂರಬೇಕು. ಗಡ್ಡ ಇದ್ದರೆ ಕೂರಲ್ಲ.

ಗೂಡಿನಿಂದ ಬಿಸಿ ಇಟ್ಟಿಗೆ ತೆಗೆಯುವವರಿಗೆ ಇಪ್ಪತ್ತು ನಿಮಿಷಕ್ಕೊಂದು ಲೋಟ ನೀರು, ಬಾಯಾರಿಕೆಗೆ ಕಾಯಬೇಡಿ. ಹೊಸದಾಗಿ ಬಂದವನನ್ನು ಮೊದಲ ದಿನವೇ ಪೂರ್ತಿ ಹೊತ್ತು ಬಿಸಿಲಿಗೂ ಬೆಂಕಿಗೂ ನಿಲ್ಲಿಸಬೇಡಿ. ಮೊದಲ ದಿನ ಐದನೇ ಒಂದು ಪಾಲು ಹೊತ್ತು, ದಿನಾ ಅಷ್ಟಷ್ಟೇ ಜಾಸ್ತಿ. ಒಬ್ಬ ತೊದಲುತ್ತಾ ಏನೇನೋ ಮಾತಾಡ್ತಿದ್ದಾನೆ, ಮೈ ಸುಡ್ತಿದೆ ಅಂದ್ರೆ ಕುಡಿದಿದ್ದಾನೆ ಅಂತ ಬೈಯ್ಯೋದು ಆಮೇಲೆ, ಮೊದಲು ನೆರಳಿಗೆ ಎಳೆದು ಮೈಮೇಲೆ ನೀರು ಸುರಿದು ಗಾಳಿ ಹಾಕಿ, 108ಕ್ಕೆ ಫೋನ್ ಮಾಡಿ.

ಪೀಣ್ಯ ಗಾಜು

ಮೇಡಂ ಹೇಳಿದ್ದಕ್ಕೆ ಸೇರಿಸ್ತೀನಿ. ಕರಗಿದ ಗಾಜಿನ ಕುಲುಮೆ 1500 ಡಿಗ್ರಿ ಹತ್ತಿರ ಇರುತ್ತದೆ, ಅದನ್ನೇ ವರ್ಷಗಟ್ಟಲೆ ಬರಿಗಣ್ಣಲ್ಲಿ ನೋಡಿದವರಿಗೆ ಕಣ್ಣಿನ ಪೊರೆ ಬೇಗ ಬರುತ್ತದೆ. ಇಟ್ಟಿಗೆ ಗೂಡಿನ ಕಿಂಡಿ ನೋಡೋ ಬೆಂಕಿಯವನಿಗೂ ಕಪ್ಪು ಕನ್ನಡಕ ಕೊಡಿ. ರಸ್ತೆ ಬದಿ ಸಿಗೋ ಕೂಲಿಂಗ್ ಗ್ಲಾಸ್ ಅಲ್ಲ, ಶಾಖದ ಕಿರಣ ತಡೆಯೋದು, ವೆಲ್ಡಿಂಗ್ ಸಾಮಾನಿನ ಅಂಗಡಿಯಲ್ಲಿ ಕೇಳಿ.

ಲೆಕ್ಕದ ಪುಸ್ತಕ

ಯಾರೂ ಕೇಳಲಿಲ್ಲ. ಆ ಹುಡುಗನಿಗೆ ಇಎಸ್‌ಐ (ಸರ್ಕಾರದ ಕಾರ್ಮಿಕ ವಿಮೆ) ಇದೆಯಾ? ಹತ್ತು ಜನ ಅಥವಾ ಅದಕ್ಕಿಂತ ಜಾಸ್ತಿ ಇರುವ ಫ್ಯಾಕ್ಟರಿ, ತಿಂಗಳಿಗೆ 21 ಸಾವಿರದ ಒಳಗೆ ಸಂಬಳ ಅಂದರೆ ಇರಬೇಕು. ಅದಕ್ಕೆ ಸಂಬಳದ ಲೆಕ್ಕದಲ್ಲಿ ಕಟ್ಟೋದು ಅವನದ್ದು 0.75, ಓನರ್‌ದು 3.25 ಪರ್ಸೆಂಟ್. ಕೆಲಸದಲ್ಲಿ ಪೆಟ್ಟಾದರೆ ಸೇರಿದ ಮೊದಲ ದಿನವೇ ಆದರೂ ಸರಿ, ರಜೆಯಲ್ಲಿರುವಷ್ಟು ದಿನ ಕೂಲಿಯ 90 ಪರ್ಸೆಂಟ್ ಬರುತ್ತದೆ. ಅಪಘಾತದ ವರದಿ ಬರೆದು ಕಳಿಸಿದ್ದೀರಾ ನೋಡಿ. ಹೆಸರೇ ಸೇರಿಸಿಲ್ಲ ಅಂದರೆ ಪರಿಹಾರದ ಹೊಣೆ ಓನರ್ ಮೇಲೆ ಬೀಳುತ್ತದೆ, ಅದು 25 ಸಾವಿರದಲ್ಲಿ ಮುಗಿಯಲ್ಲ.

ಮಾಲೂರು ಮಣ್ಣು

ಎಲ್ಲರಿಗೂ ಥ್ಯಾಂಕ್ಸ್. ಮೂರು ವಾರ ಆಯ್ತು, ಆಗಿದ್ದು ಹೇಳ್ತೀನಿ.

ಬೆರಳು ಬರಲಿಲ್ಲ ಮೇಡಂ. ಮಣ್ಣಿನ ಜೊತೆ ಹೋಗಿತ್ತು. ಇಎಸ್‌ಐನಲ್ಲಿ ಹೆಸರು ಇದೆ, ವರದಿ ತಡವಾಗಿ ಹೋಗಿದೆ, ಈಗ ಅದಕ್ಕೆ ಓಡಾಡ್ತಿದ್ದೇನೆ.

ಫಿಟ್ಟರ್ ಸರ್, ನೀವು ಹೇಳಿದ ಹಾಗೆ ಸ್ಟೂಲ್ ಹಾಕ್ಕೊಂಡು ಕೂತೆ. ಮೊದಲ ದಿನ ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಹದಿನೇಳು ಸಲ ಕೈ ಹೋಯ್ತು. ಅದರಲ್ಲಿ ಕಲ್ಲಿಗೆ ಹೋಗಿದ್ದು ನಾಲ್ಕೇ ಸಲ, ಮಿಕ್ಕಿದ್ದೆಲ್ಲಾ ಮಣ್ಣು ಅಂಟಿ ಹಾಪರ್ ಮೂಲೆಯಲ್ಲಿ ಕಟ್ಟಿಕೊಂಡಿದ್ದಕ್ಕೆ. ನನಗೆ ಇದು ಗೊತ್ತೇ ಇರಲಿಲ್ಲ, ನಾಲ್ಕು ವರ್ಷದಿಂದ ಅದೇ ಮಷಿನ್ ಪಕ್ಕ ಓಡಾಡ್ತಿದ್ದೇನೆ. ಬೆಳಿಗ್ಗೆ ಮೊದಲು ಬರೋ ಮಣ್ಣು ರಾತ್ರಿ ಮಳೆ ಬಿದ್ದು ಒದ್ದೆಯಾಗಿರುತ್ತೆ, ಅದೇ ಕಾರಣ. ಈಗ ರಾಶಿ ಮೇಲೆ ಟಾರ್ಪಾಲ್ ಹೊದಿಸ್ತೇವೆ, ಹಾಪರ್ ಮೂಲೆಗಳನ್ನು ತಗಡು ಬಾಗಿಸಿ ದುಂಡಗೆ ಮಾಡಿಸಿದೆ. ನಿನ್ನೆ ಮೂರು ಸಲ, ಮೂರೂ ಸಲ ನಿಲ್ಲಿಸಿದ ಮೇಲೆ.

ಹೆಲ್ಮೆಟ್ ಮಣ್ಣು ತೆಗೆಯೋ ಗುಂಡಿಯಲ್ಲಿ ಕೆಲಸ ಮಾಡೋ ಆರು ಜನಕ್ಕೆ ಮಾತ್ರ ತಂದೆ. ತಳ್ಳುಗಾಡಿ ಎರಡು ಬಂದಿದೆ. ಮೊದಲ ದಿನ ಹೆಂಗಸರು ಮುಟ್ಟಲಿಲ್ಲ, ತಲೆ ಮೇಲೇ ಬೇಗ ಆಗುತ್ತೆ ಅಂದರು, ದಾರಿ ಸರಿ ಮಾಡಿಸಿದ ಮೇಲೆ ಈಗ ಗಾಡಿಗೆ ಜಗಳ ಆಡ್ತಾರೆ. ನಿಂತ ಹೊತ್ತಿನ ಕೂಲಿಗೆ ಓನರ್ ಪೂರ್ತಿ ಒಪ್ಪಿಲ್ಲ, ದಿನಕ್ಕೆ ಅರ್ಧ ಗಂಟೆವರೆಗೆ ಮಾತ್ರ ಕೊಡ್ತಾರಂತೆ. ಬೋರ್ಡು ಬರೆಸಲಿಲ್ಲ. ಆ ಬಾಗಿದ ಸರಳನ್ನೇ ರೋಲರ್ ಮೇಲಿನ ಕಂಬಕ್ಕೆ ತಂತಿ ಹಾಕಿ ಕಟ್ಟಿದ್ದೇನೆ, ಒಡಿಯಾ ಬರೋರಿಗೂ ಕನ್ನಡ ಬರೋರಿಗೂ ಒಂದೇ.

ಒಂದು ಡೌಟು ಉಳಿದಿದೆ. ಬೀಗದ ಜೊತೆ ಮೂರು ಕೀ ಬಂದಿವೆ. ಒಂದು ಕೆಲಸ ಮಾಡುವವನ ಹತ್ತಿರ. ಇನ್ನೆರಡು ಮೇಸ್ತ್ರಿ ಕೇಳ್ತಿದ್ದಾನೆ, ಅರ್ಜೆಂಟಿಗೆ ಬೇಕಾಗುತ್ತೆ ಅಂತ. ಕೊಡಲಾ?

ಹಳೇ ಫಿಟ್ಟರ್

ಅವೆರಡನ್ನೂ ಗೂಡಿಗೆ ಹಾಕಿ. ಉರಿ ಜೋರಾಗಿರುವಾಗ.